ಹಳೇ ಬಂಗಲೆಯ ಲಾಫ್ಟ್ ಬೆಡ್‌ರೂಮ್: ಚಳಿಗೆ ಕೊರೆಯುವ ನೆಲ, ಬೇಸಿಗೆಗೆ ಕುದಿಯುವ ಸೂರು

ಪ್ರಶ್ನೆ: ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 1930ರ ದಶಕದ, ಒಂದೇ ಅಂತಸ್ತಿನ ಬಂಗಲೆ ಕೊಂಡಿದ್ದೇವೆ. ಹಿಂದಿನ ಮಾಲೀಕರು 1980ರ ದಶಕದ ಕೊನೆಯಲ್ಲಿ ಲಾಫ್ಟನ್ನು (ಮಾಡಿನ ಅಡಿಯ ಅಟ್ಟವನ್ನು) ಬೆಡ್‌ರೂಮ್ ಮಾಡಿಸಿದ್ದರಂತೆ. ಈಗ ನಮ್ಮ ಹತ್ತು ವರ್ಷದ ಮಗ ಅಲ್ಲಿ ಮಲಗುತ್ತಾನೆ. ಜನವರಿಯಲ್ಲಿ ರೇಡಿಯೇಟರ್ ಉರಿಯುತ್ತಿದ್ದರೂ ನೆಲ ಕೊರೆಯುತ್ತದೆ. ಜುಲೈನಲ್ಲಿ ರಾತ್ರಿ ಹನ್ನೊಂದಾದರೂ ಕೋಣೆ 29 ಡಿಗ್ರಿಯಿಂದ ಇಳಿಯುವುದಿಲ್ಲ. ಬದಿಯ ಕಪಾಟುಗಳಲ್ಲಿ ಕಪ್ಪು ಬೂಷ್ಟು, ಕೆಳಗೆ ಹಾಕಿದ ಒಗ್ಗರಣೆ ವಾಸನೆಯೆಲ್ಲ ಮೇಲೆ. ಬರುವ ವರ್ಷ ಮೈಸೂರಿನಿಂದ ಅಪ್ಪ-ಅಮ್ಮ ಆರು ತಿಂಗಳಿಗೆ ಬರುತ್ತಾರೆ. ಇನ್ನೊಂದು ರೇಡಿಯೇಟರ್ ಹಾಕಿಸಿ, ಒಂದು ಪೋರ್ಟಬಲ್ ಎಸಿ ತಂದರೆ ಸಾಕೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಥಂಡಿ ಮತ್ತು ಬೂಷ್ಟಿನ ಮೂಲ ನಿಮ್ಮ ಕೋಣೆಯೊಳಗಿಲ್ಲ. ಕೋಣೆಯ ಎರಡು ಬದಿಗೆ ಇರುವ ಗಿಡ್ಡ ಗೋಡೆಗಳ ಹಿಂದೆ, ಸೂರಿನವರೆಗೆ ಇಳಿಯುವ ತ್ರಿಕೋನದ ಜಾಗದಲ್ಲಿದೆ. ಅಲ್ಲಿಂದ ನುಗ್ಗುವ ಗಾಳಿಗೆ ತಡೆ ಹಾಕದೆ ರೇಡಿಯೇಟರ್ ಸೇರಿಸಿದರೆ ಬಿಲ್ಲು ಏರುತ್ತದೆ, ನೆಲ ಹಾಗೇ ಇರುತ್ತದೆ. ಬೇಸಿಗೆಯ ಧಗೆಗೆ ಕಾರಣ ಬೇರೆ. ಎಸಿಯ ಮಾತು ಅಲ್ಲಿಗೆ ಬಂದಾಗ. ಆದರೆ ಮಗು ಅಲ್ಲಿ ಮಲಗುತ್ತಿರುವುದರಿಂದ ಮೊದಲು ಬೆಂಕಿಯ ವಿಷಯ.

ಈ ವಾರವೇ ಆಗಬೇಕಾದದ್ದು

ಒಂದಂತಸ್ತಿನ ಮನೆಯಲ್ಲಿ ಯಾವ ಕಿಟಕಿಯಿಂದಲಾದರೂ ಹೊರಗೆ ದಾಟಬಹುದು. ಲಾಫ್ಟಿನಲ್ಲಿ ಮಲಗಿದವರಿಗೆ ಇರುವುದು ಮೆಟ್ಟಿಲೊಂದೇ. ಹೊಗೆ ಏರುವುದೂ ಅದರಲ್ಲೇ. ಅದಕ್ಕೇ ಇಂಗ್ಲೆಂಡಿನ ಕಟ್ಟಡ ನಿಯಮಗಳು ಮೇಲಿನ ನೆಲ ಹೊರಗಿನ ಮಟ್ಟದಿಂದ 4.5 ಮೀಟರಿನೊಳಗಿರುವ ಮನೆಗೆ ಎರಡರಲ್ಲೊಂದನ್ನು ಕೇಳುತ್ತವೆ: ಹೊರಬರಲು ಸಾಕಾಗುವ ಕಿಟಕಿ, ಇಲ್ಲವೇ ಬೆಂಕಿ ತಡೆಯುವ ಗೋಡೆ-ಬಾಗಿಲುಗಳ ನಡುವೆ ನೇರ ಹೊರಬಾಗಿಲಿಗೆ ಇಳಿಯುವ ಮೆಟ್ಟಿಲ ದಾರಿ. ನಿಮ್ಮ ಮೆಟ್ಟಿಲು ಹಾಲ್ (ಹೊರಬಾಗಿಲ ಒಳಗಿನ ಹಾದಿ) ಬಿಟ್ಟು ಲಿವಿಂಗ್ ರೂಮಿನೊಳಗೆ ಇಳಿಯುತ್ತಿದ್ದರೆ ಎರಡನೆಯದು ನಿಮಗಿಲ್ಲ ಎಂದೇ ಲೆಕ್ಕ.

ಹಾಗಾಗಿ ಟೇಪು ಹಿಡಿದು ಕಿಟಕಿ ಅಳೆಯಿರಿ. ತೆರೆದಾಗ ಸಿಗುವ ಖಾಲಿ ಜಾಗ ಕನಿಷ್ಠ 0.33 ಚದರ ಮೀಟರ್ ಇರಬೇಕು, ಅಗಲ-ಎತ್ತರ ಎರಡೂ 450 ಮಿ.ಮೀ.ಗೆ ಕಡಿಮೆಯಾಗಬಾರದು, ಕೆಳಗಿನ ಅಂಚು ನೆಲದಿಂದ 1100 ಮಿ.ಮೀ. ಮೀರಬಾರದು. 450ಕ್ಕೆ 450 ಇದ್ದರೆ ಆಯಿತು ಎಂದುಕೊಳ್ಳುವವರು ಬಹಳ ಮಂದಿ, ಅದು 0.2 ಚದರ ಮೀಟರ್ ಮಾತ್ರ. ಅಗಲ 450 ಆದರೆ ಎತ್ತರ 735 ಬೇಕು. ನಟ್ಟನಡುವೆ ತಿರುಗುವ ಹಳೇ ಇಳಿಜಾರು ಕಿಟಕಿಗಳಲ್ಲಿ ತೆರೆದ ಗಾಜೇ ದಾರಿಗೆ ಅಡ್ಡ ನಿಲ್ಲುತ್ತದೆ. ಬದಲಿಸುವ ಕಾಲ ಬಂದಾಗ ಮೇಲಂಚಿನಲ್ಲಿ ಕೀಲಿರುವ ಮಾದರಿಯನ್ನೇ ಕೇಳಿ. ಕಿಟಕಿಗೆ ಬೀಗದಕೈ ಇದ್ದರೆ ಆ ಬೀಗವನ್ನೇ ತೆಗೆಸಿ.

ಅಲಾರ್ಮ್‌ಗಳು ಒಂದಕ್ಕೊಂದು ಜೋಡಣೆಯಾಗಿರಬೇಕು. ಕೆಳಗಿನ ಹಾಲಿನಲ್ಲಿ ಕೂಗಿದ್ದು ಮೇಲೆ ಮುಚ್ಚಿದ ಬಾಗಿಲ ಹಿಂದಿನ ಮಗುವನ್ನು ಎಬ್ಬಿಸದಿದ್ದರೆ ಅದರಿಂದ ಪ್ರಯೋಜನವಿಲ್ಲ. ನಿಯಮ ಕೇಳುವುದು ಮೇನ್ಸ್ ವಿದ್ಯುತ್ತಿನ, ಬ್ಯಾಟರಿ ಬ್ಯಾಕಪ್ ಇರುವ ಅಲಾರ್ಮ್‌ಗಳನ್ನು. ವೈರಿಂಗ್ ಆಗುವವರೆಗೆ ಹತ್ತು ವರ್ಷದ ಲಿಥಿಯಂ ಬ್ಯಾಟರಿಯ, ರೇಡಿಯೋ ಮೂಲಕ ಮಾತಾಡಿಕೊಳ್ಳುವವನ್ನು ಹಾಕಿ. ಹಾಲಿನಲ್ಲೊಂದು, ಮೆಟ್ಟಿಲ ತುದಿಯಲ್ಲೊಂದು ಹೊಗೆ ಅಲಾರ್ಮ್. ಅಡುಗೆಮನೆಗೆ ಮಾತ್ರ ಹೊಗೆಯದು ಬೇಡ, ಶಾಖದ ಅಲಾರ್ಮ್ ಸಾಕು. ಅದು 58 ಡಿಗ್ರಿಯ ಹತ್ತಿರ ಕೂಗುತ್ತದೆ, ಒಣಮೆಣಸಿನಕಾಯಿ ಸಿಡಿದದ್ದಕ್ಕಲ್ಲ. ನಮ್ಮವರ ಮನೆಗಳಲ್ಲಿ ಆಗುವುದೇನೆಂದರೆ, ಒಗ್ಗರಣೆಗೆ ನಾಲ್ಕು ಸಲ ಕಿರುಚಿದ ಮೇಲೆ ಹಾಲಿನ ಅಲಾರ್ಮಿನ ಬ್ಯಾಟರಿ ಡ್ರಾಯರ್ ಸೇರುತ್ತದೆ. ಅಡುಗೆಮನೆ ಬಾಗಿಲಿನಿಂದ 3 ಮೀಟರ್ ದೂರ, ಗೋಡೆಯಿಂದ 300 ಮಿ.ಮೀ. ಈಚೆ ಇಟ್ಟರೆ ಆ ಕಾಟ ಬಹಳ ಕಡಿಮೆ. ದೇವರ ದೀಪ, ಊದುಬತ್ತಿಯ ಜಾಗವೂ ಅದರ ಕೆಳಗೆ ಬೇಡ.

ಕಾಗದ, ಮತ್ತು ಒಂದು ಎಚ್ಚರಿಕೆ

ಮನೆ ಕೊಂಡಾಗ ಸಾಲಿಸಿಟರ್ ಕೊಟ್ಟ ಕಡತದಲ್ಲಿ ಲಾಫ್ಟ್ ಕೆಲಸದ ಕಂಪ್ಲೀಶನ್ ಸರ್ಟಿಫಿಕೇಟ್ (ಕೆಲಸ ನಿಯಮದಂತೆ ಮುಗಿದಿದೆ ಎಂಬ ಪತ್ರ) ಇದೆಯೇ ನೋಡಿ. ಇಲ್ಲದಿದ್ದರೆ, 1985ರ ನವೆಂಬರ್ 11ರ ನಂತರ ಆದ ಕೆಲಸಕ್ಕೆ ಕೌನ್ಸಿಲ್ಲಿನ ಬಿಲ್ಡಿಂಗ್ ಕಂಟ್ರೋಲ್‌ಗೆ ರೆಗ್ಯುಲರೈಸೇಶನ್ (ಆಗಿಹೋದ ಕೆಲಸಕ್ಕೆ ಒಪ್ಪಿಗೆ) ಅರ್ಜಿ ಹಾಕಬಹುದು. ಅವರು ಅಲ್ಲಲ್ಲಿ ಬಿಚ್ಚಿ ತೋರಿಸಿ ಎನ್ನುತ್ತಾರೆ, ಕೊರತೆ ಇದ್ದಲ್ಲಿ ಸರಿಪಡಿಸಿ ಎನ್ನುತ್ತಾರೆ. ಆದರೆ ಫೋನ್ ಎತ್ತುವ ಮೊದಲು ಕಡತದಲ್ಲಿ ಇಂಡೆಮ್ನಿಟಿ ವಿಮೆ ಇದೆಯೇ ಹುಡುಕಿ. ಸರ್ಟಿಫಿಕೇಟ್ ಇಲ್ಲದ ಲಾಫ್ಟುಗಳ ಮಾರಾಟ ಆ ವಿಮೆಯ ಬಲದ ಮೇಲೆಯೇ ನಡೆಯುವುದು ಹೆಚ್ಚು. ನೀವಾಗಿ ಕೌನ್ಸಿಲ್ಲನ್ನು ಸಂಪರ್ಕಿಸಿದರೆ ವಿಮೆ ಬಿದ್ದುಹೋಗುವ ಷರತ್ತು ಅದರಲ್ಲಿ ಸಾಮಾನ್ಯ. ಅದು ಕೊಡುವುದೂ ಕಾನೂನು ಕ್ರಮದ ಖರ್ಚನ್ನು. ಜಂತೆಗೆ ಬಲ ಕೊಡುವುದಿಲ್ಲ. ಆದ್ದರಿಂದ ಮೊದಲು ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಅರ್ಜಿ ಹಾಕುವುದೋ ಬಿಡುವುದೋ ಅವರ ವರದಿ ನೋಡಿ ತೀರ್ಮಾನಿಸಿ.

ಎಂಜಿನಿಯರ್ ಹುಡುಕುವುದು ಇದನ್ನು. ಆ ಕಾಲದ ಬಂಗಲೆಗಳಲ್ಲಿ ಕೆಳಮನೆಯ ಸೀಲಿಂಗ್ ಹೊರುವ ಜಂತೆಗಳು ನಾಲ್ಕಿಂಚು-ಎರಡಿಂಚಿನವು. ಅವು ಪ್ಲಾಸ್ಟರನ್ನು ಹೊರಲು ಇದ್ದವು, ಮನುಷ್ಯರನ್ನಲ್ಲ. ಇಂದಿನ ಲೆಕ್ಕದಲ್ಲಿ ಬರೀ ಲಾಫ್ಟಿನ ಸೀಲಿಂಗಿಗೆ ಚದರ ಮೀಟರಿಗೆ ಸುಮಾರು 25 ಕೆ.ಜಿ. ಭಾರ, ಮಲಗುವ ಕೋಣೆಯ ನೆಲಕ್ಕೆ 150 ಕೆ.ಜಿ. ಸರಿಯಾಗಿ ಕಟ್ಟಿದ ಲಾಫ್ಟಿನಲ್ಲಿ ಹಳೇ ಜಂತೆಗಳ ಪಕ್ಕದಲ್ಲೇ, ಅವನ್ನು ಮುಟ್ಟದಂತೆ, ಏಳೆಂಟು ಇಂಚು ಆಳದ ಹೊಸ ಜಂತೆಗಳು ಗೋಡೆಯಿಂದ ಗೋಡೆಗೆ ಅಥವಾ ಉಕ್ಕಿನ ತೊಲೆಗೆ ಕೂತಿರುತ್ತವೆ. ಗಿಡ್ಡ ಗೋಡೆಯ ಬಾಗಿಲು ತೆರೆದು ಟಾರ್ಚ್ ಹಾಕಿದರೆ ಇದು ಕಣ್ಣಿಗೇ ಕಾಣುತ್ತದೆ. ಹಳೇ ಜಂತೆಯ ಮೇಲೆ ನೇರ ಹಲಗೆ ಹೊಡೆದಿದ್ದರೆ, ಪಕಾಸುಗಳಿಗೆ (ಹಂಚು ಹೊರುವ ಇಳಿಜಾರು ಮರಗಳಿಗೆ) ಆನಿಕೆಯಾಗಿದ್ದ ಓರೆ ಕಂಬಗಳನ್ನು ಜಾಗಕ್ಕಾಗಿ ಕಡಿದುಹಾಕಿದ್ದರೆ, ನಡೆದಾಗ ಕೆಳಗಿನ ದೀಪ ತೂಗಿದರೆ, ಹೊರಗಿನಿಂದ ನೋಡಿದಾಗ ಮಾಡಿನ ನೆತ್ತಿ ನಡುವೆ ತಗ್ಗಿದ್ದರೆ, ಎಂಜಿನಿಯರ್ ಬರುವವರೆಗೆ ಮಗನ ಹಾಸಿಗೆ ಕೆಳಗಿರಲಿ.

ಸೂರಿನ ಜಾಗದಲ್ಲಿ ಸೂಟ್‌ಕೇಸ್ ಇಡುವ ಅಭ್ಯಾಸಕ್ಕೂ ಇದೇ ಲೆಕ್ಕ. ಊರಿಂದ ತುಂಬಿ ತಂದ 23 ಕೆ.ಜಿ.ಯ ಒಂದು ಪೆಟ್ಟಿಗೆ ಅಂದರೆ ಒಂದು ಚದರ ಮೀಟರ್ ಸೀಲಿಂಗಿನ ಪಾಲು ಮುಗಿಯಿತು. ಖಾಲಿ ಪೆಟ್ಟಿಗೆ ಇಡಿ, ಅಕ್ಕಿ ಮೂಟೆ ಬೇಡ.

ಗಿಡ್ಡ ಗೋಡೆಯ ಹಿಂದೆ

ಗಾಳಿ ಬೀಸುವ ಚಳಿಯ ದಿನ ಒಂದು ಊದುಬತ್ತಿ ಹಚ್ಚಿ, ಗಿಡ್ಡ ಗೋಡೆಯ ಬುಡದ ಪಟ್ಟಿ, ಕಪಾಟಿನ ಬಾಗಿಲಿನ ಅಂಚು, ಸಾಕೆಟ್ಟುಗಳ ಹತ್ತಿರ ನಿಧಾನ ಸರಿಸಿ. ಹೊಗೆ ಅಡ್ಡಕ್ಕೆ ಬಾಗಿದ ಜಾಗಗಳಿಗೆಲ್ಲ ಟೇಪಿನ ಗುರುತು ಹಾಕಿ. ಅತಿ ಹೆಚ್ಚು ಬಾಗುವುದು ಬುಡದಲ್ಲೇ. ಕಾರಣ ಇಷ್ಟು: ಹಂಚಿನ ಕೆಳಗಿನ ಮರ ಕೊಳೆಯದಿರಲು ಸೂರಿನಿಂದ ಗಾಳಿ ಒಳಬರಬೇಕು, ಅದು ಸರಿಯೇ. ಆದರೆ ನೆಲದ ಜಂತೆಗಳು ಗಿಡ್ಡ ಗೋಡೆಯ ಅಡಿಯಿಂದ ಸೂರಿನವರೆಗೆ ಸಾಗುತ್ತವೆ. ಅವುಗಳ ನಡುವಿನ ಸಂದುಗಳಿಗೆ ಆಗಿನ ಬಡಗಿಗಳು ತಡೆ ಹಾಕುತ್ತಿರಲಿಲ್ಲ. ಹೊರಗಿನ ಗಾಳಿ ಆ ಸಂದುಗಳ ಮೂಲಕ ನಿಮ್ಮ ಕಾರ್ಪೆಟ್ಟಿನ ಅಡಿಯಲ್ಲೇ ಒಂದು ಬದಿಯಿಂದ ಇನ್ನೊಂದು ಬದಿಗೆ ಹರಿಯುತ್ತದೆ. ರೇಡಿಯೇಟರ್ ಎಷ್ಟು ದೊಡ್ಡದಾದರೂ ಈ ನೆಲ ಬಿಸಿಯಾಗದು.

ಒಳಗೆ ತೆವಳುವ ಮೊದಲು ಮೂರು ಪರೀಕ್ಷೆ. ಬ್ರಿಟನ್ನಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಪೂರ್ತಿ ನಿಷೇಧವಾದದ್ದು 1999ರಲ್ಲಿ. ನಿಮ್ಮ ಲಾಫ್ಟ್ ಅದಕ್ಕಿಂತ ಹಳೆಯದು. ಸೂರಿನ ಹಲಗೆ, ಕೊಳವೆಯ ಸುತ್ತು, ಉಬ್ಬು ವಿನ್ಯಾಸದ ಸೀಲಿಂಗ್ ಇವುಗಳಲ್ಲಿ ಯಾವುದನ್ನೂ ಮಾದರಿ ಪರೀಕ್ಷೆ ಮಾಡಿಸದೆ ಕೊಯ್ಯಬೇಡಿ, ತೂತು ಕೊರೆಯಬೇಡಿ. ಎರಡನೆಯದು ಬಾವಲಿ. ಇಲಿಯ ಹಿಕ್ಕೆಯಂತೆ ಕಂಡರೂ ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಹಿಕ್ಕೆ ಸಿಕ್ಕರೆ, ಕೈಗವಸು ಹಾಕಿಯೇ ನೋಡಿ, ಕೆಲಸ ನಿಲ್ಲಿಸಿ. ಬಾವಲಿಯ ತಂಗುದಾಣ ಮುಚ್ಚುವುದು ಅಲ್ಲಿ ಅಪರಾಧ. ಮೂರನೆಯದು ವಿದ್ಯುತ್ ತಂತಿ: ವಿದ್ಯುತ್ ಶವರ್‌ನಂಥ ದಪ್ಪ ಹೊರೆಯ ಕೇಬಲ್ ಗ್ಲಾಸ್ ವೂಲ್ ಒಳಗೆ ಹೂತುಹೋದರೆ ಬಿಸಿಯಾಗುತ್ತದೆ. ಅದನ್ನು ಮೇಲೆತ್ತಿ ಕಟ್ಟಬೇಕು. ಆಗದಿದ್ದರೆ ಎಲೆಕ್ಟ್ರಿಷಿಯನ್ ನೋಡಲಿ.

ಆಮೇಲೆ ಕೆಲಸ. ಎಫ್‌ಎಫ್‌ಪಿ3 ಮಾಸ್ಕ್ (ನುಣ್ಣನೆ ದೂಳು ತಡೆಯುವುದು), ಕನ್ನಡಕ, ತಲೆಗೆ ಕಟ್ಟುವ ದೀಪ, ಮತ್ತು ಎರಡು ಜಂತೆಗಳಿಗೆ ಅಡ್ಡಲಾಗಿ ಹಾಸಿ ಮಂಡಿಯೂರಲು ಒಂದು ಹಲಗೆ. ಜಂತೆಗಳ ನಡುವೆ ಮಂಡಿ ಊರಿದರೆ ಕಾಲು ಕೆಳಗಿನ ಕೋಣೆಯಲ್ಲಿರುತ್ತದೆ. 6 ಮೀಟರ್ ಉದ್ದದ ಕೋಣೆಗೆ, ಜಂತೆಗಳ ಅಂತರ 400 ಮಿ.ಮೀ. ಆದರೆ, ಬದಿಗೆ ಹದಿನೈದರಂತೆ ಸುಮಾರು ಮೂವತ್ತು ಸಂದುಗಳು ಸಿಗುತ್ತವೆ. 50 ಮಿ.ಮೀ. ದಪ್ಪದ ಪಿಐಆರ್ (ಶಾಖ ತಡೆಯುವ ಗಟ್ಟಿ ಫೋಮ್) ಹಲಗೆ, 2.4ಕ್ಕೆ 1.2 ಮೀಟರಿನದು, ಒಂದೇ ಸಾಕು: 350ಕ್ಕೆ 200ರ ತುಂಡುಗಳು ಅದರಲ್ಲಿ ಮೂವತ್ತಾರು ಬರುತ್ತವೆ. ಪ್ರತಿ ಸಂದಿಗೂ ಅಳತೆಗಿಂತ ಸುತ್ತ ನಾಲ್ಕೈದು ಮಿ.ಮೀ. ಚಿಕ್ಕದಾಗಿ ಕೊಯ್ದು, ಗಿಡ್ಡ ಗೋಡೆಯ ನೇರ ಕೆಳಗೆ ತೂರಿಸಿ, ನಾಲ್ಕೂ ಅಂಚಿಗೆ ಡಬ್ಬಿಯ ಫೋಮ್ ಹಾಕಿ. ಗಟ್ಟಿಯಾಗಿ ತುರುಕಿದರೆ ಫೋಮ್ ಹೋಗಲು ಜಾಗವಿರುವುದಿಲ್ಲ, ಗಾಳಿ ಮಾತ್ರ ಹೋಗುತ್ತದೆ. ಒಂದು ಶನಿವಾರ-ಭಾನುವಾರದ ಕೆಲಸ, ಹಾಕಿದ ದುಡ್ಡಿಗೆ ಇಷ್ಟು ಫಲ ಕೊಡುವುದು ಈ ಮನೆಯಲ್ಲಿ ಬೇರೊಂದಿಲ್ಲ.

ನಂತರ ಗಿಡ್ಡ ಗೋಡೆಯ ಬೆನ್ನು. 1980ರ ದಶಕದಲ್ಲಿ ತುಂಬಿದ ಗ್ಲಾಸ್ ವೂಲ್ ಜಾರಿ ಬುಡದಲ್ಲಿ ಗುಡ್ಡೆಯಾಗಿರುತ್ತದೆ. ಅದನ್ನು ತೆಗೆದು ಗೋಡೆಯ ಮರದ ಕಂಬಗಳ ನಡುವೆ 100 ಮಿ.ಮೀ. ಗಟ್ಟಿ ಖನಿಜ ಉಣ್ಣೆಯ ಹಲಗೆ ಕೂರಿಸಿ, ಹಿಂದಿನಿಂದ ಆವಿ ದಾಟಬಲ್ಲ ಬ್ರೀದರ್ ಮೆಂಬ್ರೇನ್ ಹೊಡೆಯಿರಿ. ಅಂಚುಗಳು 100 ಮಿ.ಮೀ. ಒಂದರ ಮೇಲೊಂದು ಬರಲಿ, ಟೇಪ್ ಹಾಕಿ. ಅಲ್ಲಿ ಪ್ಲಾಸ್ಟಿಕ್ ಹಾಳೆ ಹೊಡೆದರೆ ಒಳಗಿನ ಆವಿ ತಣ್ಣನೆ ಹಾಳೆಗೆ ತಾಗಿ ನೀರಾಗುತ್ತದೆ, ಆರು ತಿಂಗಳಲ್ಲಿ ಉಣ್ಣೆ ಒದ್ದೆ. ಸೂರಿನ ಜಾಗದ ನೆಲಕ್ಕೆ 270ರಿಂದ 300 ಮಿ.ಮೀ. ಉಣ್ಣೆ, ಎರಡು ಪದರ ಅಡ್ಡಡ್ಡ. ತೀರ ತುದಿಯಲ್ಲಿ ಹಂಚಿನ ಕೆಳಗೆ 50 ಮಿ.ಮೀ. ಗಾಳಿದಾರಿ ಬಿಟ್ಟುಬಿಡಿ. ಕಪಾಟಿನ ಬಾಗಿಲುಗಳ ಬೆನ್ನಿಗೆ 75 ಮಿ.ಮೀ. ಪಿಐಆರ್ ಅಂಟಿಸಿ, ಸುತ್ತ ರಬ್ಬರ್ ಪಟ್ಟಿ, ಅದನ್ನು ಒತ್ತಿ ಹಿಡಿಯಲು ಒಂದರ ಬದಲು ಎರಡು ಚಿಲಕ. ಅಲ್ಲಿ ನೀರಿನ ಟ್ಯಾಂಕ್, ಕೊಳವೆ ಇದ್ದರೆ ಇನ್ನು ಮುಂದೆ ಆ ಜಾಗ ಮೊದಲಿಗಿಂತ ತಣ್ಣಗಿರುತ್ತದೆ, ಆದ್ದರಿಂದ ಕೊಳವೆಗೆ 25 ಮಿ.ಮೀ. ಕವಚ, ಟ್ಯಾಂಕಿಗೆ ಮುಚ್ಚಳ ಮತ್ತು ಅಂಗಿ. ಟ್ಯಾಂಕಿನ ಅಡಿಗೆ ಮಾತ್ರ ಉಣ್ಣೆ ಬೇಡ, ಕೆಳಗಿನ ಬೆಚ್ಚನೆ ಅದನ್ನು ಹೆಪ್ಪುಗಟ್ಟದಂತೆ ಕಾಯುತ್ತದೆ.

ಕಪಾಟಿನಲ್ಲಿ ಬಟ್ಟೆ-ಹಾಸಿಗೆ ಇಡಲೇಬೇಕು ಎಂದಾದರೆ ದಾರಿ ಬೇರೆ: ಗಿಡ್ಡ ಗೋಡೆ ಬಿಟ್ಟು ಪಕಾಸಿನ ಸಾಲಲ್ಲೇ ಸೂರಿನವರೆಗೆ ಇನ್ಸುಲೇಶನ್ ಇಳಿಸಿ ಕಪಾಟನ್ನು ಬೆಚ್ಚನೆಯ ಭಾಗಕ್ಕೆ ಸೇರಿಸಿಕೊಳ್ಳುವುದು. ಎರಡರಲ್ಲಿ ಒಂದನ್ನು ಆರಿಸಿ. ಒಂದು ಬದಿ ಹೀಗೆ, ಇನ್ನೊಂದು ಬದಿ ಹಾಗೆ ಮಾಡಿ ನಡುವೆ ಒಂದಡಿ ಖಾಲಿ ಬಿಟ್ಟ ಕೋಣೆಗಳೇ ಹೆಚ್ಚು ಬೂಷ್ಟು ಹಿಡಿಯುವುದು.

ಬೂಷ್ಟು ಮತ್ತು ಅಡುಗೆಮನೆ

21 ಡಿಗ್ರಿ, 60 ಶೇಕಡಾ ತೇವವಿರುವ ಗಾಳಿ 13 ಡಿಗ್ರಿಯ ಮೇಲ್ಮೈಗೆ ತಾಗಿದರೆ ಹನಿಯಾಗುತ್ತದೆ. ಆದರೆ ಬೂಷ್ಟಿಗೆ ಹನಿಯೇ ಬೇಕಿಲ್ಲ. ಮೇಲ್ಮೈ ಹತ್ತಿರದ ತೇವ 80 ಶೇಕಡಾ ಆದರೆ ಸಾಕು, ಅಂದರೆ ಅದೇ ಗಾಳಿಗೆ 16 ಡಿಗ್ರಿಯ ಗೋಡೆ ಸಾಲುತ್ತದೆ. ಜನವರಿಯಲ್ಲಿ ನಿಮ್ಮ ಕಪಾಟಿನ ಹಿಂಗೋಡೆ ಅದಕ್ಕಿಂತ ತಣ್ಣಗಿರುತ್ತದೆ. ಅಕ್ಕಿ-ಬೇಳೆಯ ಕುಕ್ಕರ್, ಸಂಜೆಯ ಸಾರು, ಮೆಟ್ಟಿಲ ಕಟಕಟೆಗೆ ಹರವಿದ ಒದ್ದೆ ಬಟ್ಟೆ, ನಾಲ್ಕು ಜನರ ಉಸಿರು, ಎಲ್ಲದರ ಆವಿಯೂ ಬಿಸಿಗಾಳಿಯ ಜೊತೆ ಮೆಟ್ಟಿಲು ಹತ್ತಿ ಅಲ್ಲಿಗೇ ಹೋಗುತ್ತದೆ. ಒಗ್ಗರಣೆ ವಾಸನೆ ಮೇಲೆ ಬರುತ್ತಿದೆ ಎಂದರೆ ಆವಿಯೂ ಬರುತ್ತಿದೆ.

ಒಲೆ ಮೇಲಿನ ಹುಡ್ ಗಾಳಿಯನ್ನು ಹೊರಗೆ ತಳ್ಳುತ್ತದೆಯೇ ನೋಡಿ. ಇದ್ದಿಲು ಫಿಲ್ಟರಿನಲ್ಲಿ ಸೋಸಿ ಅಲ್ಲೇ ಬಿಡುವ ಹುಡ್ ಸ್ವಲ್ಪ ವಾಸನೆ ತೆಗೆಯಬಹುದು, ಆವಿಯನ್ನಲ್ಲ. ನಿಯಮದ ಕನಿಷ್ಠ ಸೆಕೆಂಡಿಗೆ 30 ಲೀಟರ್. ನಮ್ಮ ಅಡುಗೆಗೆ ಅದರ ಎರಡರಷ್ಟು ಇದ್ದರೆ ಒಳ್ಳೆಯದು. ಬಚ್ಚಲಿನ ಫ್ಯಾನಿಗೆ 15 ಲೀಟರ್. ಆ ಫ್ಯಾನಿನ ಕೊಳವೆ ಎಲ್ಲಿ ಮುಗಿಯುತ್ತದೆ ಎಂದು ಸೂರಿನ ಜಾಗದಲ್ಲಿ ಹುಡುಕಿ. ಹೊರಗೋಡೆ ತಲುಪದೆ ನಡುವೆಯೇ ಬಾಯಿ ತೆರೆದು ಬಿದ್ದಿರುವುದು ಬಹಳ ಕಡೆ ಕಾಣುತ್ತದೆ. ಸ್ನಾನದ ಆವಿಯೆಲ್ಲ ಪಕಾಸಿಗೆ. ಅಡುಗೆಮನೆಗೆ ಮುಚ್ಚುವ ಬಾಗಿಲು, ಮೆಟ್ಟಿಲಿಗೆ ಒಂದು ಬಾಗಿಲು. ಎರಡನೆಯದು ಹೊಗೆಯನ್ನೂ ತಡೆಯುತ್ತದೆ, ಹಾಲಿನ ಶಾಖ ಮೇಲೆ ಓಡುವುದನ್ನೂ ನಿಲ್ಲಿಸುತ್ತದೆ. ಈಗಿರುವ ಬೂಷ್ಟನ್ನು ಒಣ ಬ್ರಷ್ಷಿನಲ್ಲಿ ಉಜ್ಜಬೇಡಿ; ಶಿಲೀಂಧ್ರನಾಶಕ ದ್ರಾವಣದಲ್ಲಿ ಒದ್ದೆ ಮಾಡಿ ಒರೆಸಿ.

ಇಳಿಜಾರು ಸೀಲಿಂಗ್

ಇದು ದೊಡ್ಡ ಖರ್ಚು, ಅವಸರ ಬೇಡ. ನಿಮ್ಮ ಪಕಾಸುಗಳು ಬಹುಶಃ 100 ಮಿ.ಮೀ. ಆಳದವು. ಹಂಚಿನ ಕೆಳಗೆ ಹಳೇ ಟಾರ್ ಹಾಳೆ ಇದ್ದರೂ, ಏನೂ ಇಲ್ಲದಿದ್ದರೂ 50 ಮಿ.ಮೀ. ಗಾಳಿದಾರಿ ಬಿಡಬೇಕು, ಉಳಿದ 50ರಲ್ಲಿ ಪಿಐಆರ್, ಪಕಾಸಿನ ಕೆಳಗೆ ಅಡ್ಡಲಾಗಿ ಇನ್ನೂ 60, ಕೀಲುಗಳಿಗೆ ಫಾಯಿಲ್ ಟೇಪ್, ಮೇಲೆ 12.5 ಮಿ.ಮೀ. ಪ್ಲಾಸ್ಟರ್‌ಬೋರ್ಡ್. ಹಲಗೆಗಳ ಲೆಕ್ಕವಷ್ಟನ್ನೇ ಹಿಡಿದರೆ 50 ಮಿ.ಮೀ. ಗ್ಲಾಸ್ ವೂಲ್‌ಗೆ ಹೋಲಿಸಿ ನಾಲ್ಕು ಪಟ್ಟು ತಡೆ. ಇಳಿಜಾರಿನಲ್ಲಿ ಏಳು ಸೆಂಟಿಮೀಟರ್ ಜಾಗ ಹೋಗುತ್ತದೆ. ಮೆಟ್ಟಿಲ ಮೇಲಿನ ತಲೆಯೆತ್ತರ ಈಗಲೇ 1.9 ಮೀಟರಿನ ಆಸುಪಾಸಿದ್ದರೆ ಅಲ್ಲಿ ತೆಳ್ಳಗೆ ಮಾಡಬೇಕಾದೀತು.

ಒಂದು ಲೆಕ್ಕ ಮೊದಲೇ ಹಾಕಿ: ಹಂಚು ಹಿಡಿದಿರುವ ಮೊಳೆಗಳು ತುಕ್ಕು ಹಿಡಿದು ಹಂಚು ಜಾರತೊಡಗಿದ್ದರೆ, ಐದಾರು ವರ್ಷದಲ್ಲಿ ಮಾಡು ಬಿಚ್ಚಿಸಲೇಬೇಕು. ಆಗ ಇನ್ಸುಲೇಶನ್ನನ್ನು ಪಕಾಸಿನ ಮೇಲಿಂದ ಹಾಸಬಹುದು, ಒಳಗಿನ ಎತ್ತರ ಹೋಗುವುದಿಲ್ಲ. ಅಲ್ಲಿಯವರೆಗೆ ಒಳಗಿನಿಂದ ಕೈಹಾಕದಿರುವುದೇ ಜಾಣತನ. ಮನೆಬಾಗಿಲಿಗೆ ಬಂದು ಹಂಚಿನ ಅಡಿಗೆ ಸ್ಪ್ರೇ ಫೋಮ್ ಹೊಡೆಯುತ್ತೇವೆ ಎನ್ನುವವರಿಗೆ ಬೇಡವೆನ್ನಿ. ಪಕಾಸು ಕೊಳೆತರೂ ಕಾಣದಂತಾಗುತ್ತದೆ, ಹಲವು ಮಾರ್ಟ್‌ಗೇಜ್ ಸಂಸ್ಥೆಗಳು ಅಂಥ ಮನೆಗೆ ಸಾಲ ಕೊಡಲು ಹಿಂಜರಿಯುತ್ತವೆ.

ಬೇಸಿಗೆ, ಎಸಿ, ಅಪ್ಪ-ಅಮ್ಮ

ಇಂಗ್ಲೆಂಡಿನ ಬೇಸಿಗೆ ಎಂದರೆ ಸ್ವೆಟರ್ ತೆಗೆಯುವಷ್ಟು ಎನ್ನುವ ಕಾಲ ಹೋಯಿತು. 2022ರ ಜುಲೈ 19ರಂದು ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು, ನಿಮ್ಮ ಲೆಸ್ಟರಿಗೆ ದೂರವೇನಲ್ಲ. ಮಲೆನಾಡಿನ ಹಂಚಿನ ಮನೆಯ ಅಟ್ಟದಲ್ಲಿ ಅಡಿಕೆ ಇಡುತ್ತೇವೆ, ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಜನ ಕೆಳಗೆ ಮಲಗುತ್ತಾರೆ. ಇಲ್ಲಿ ಅದೇ ಜಾಗವನ್ನು ಪ್ಲಾಸ್ಟರ್‌ಬೋರ್ಡಿನಿಂದ ಮುಚ್ಚಿ ಗಾಜು ಕೂರಿಸಿದ್ದಾರೆ. ಜೂನ್ ಮಧ್ಯಾಹ್ನ ದಕ್ಷಿಣದ ಇಳಿಜಾರಿನಲ್ಲಿರುವ ಒಂದು ಚದರ ಮೀಟರ್ ಗಾಜಿನಿಂದ 500 ವಾಟ್‌ನಷ್ಟು ಶಾಖ ಒಳಬರಬಹುದು; ಹಗಲೆಲ್ಲ ಒಂದು ಸಣ್ಣ ರೂಮ್ ಹೀಟರ್ ಹಚ್ಚಿಟ್ಟ ಹಾಗೆ. ಒಳಗಿನ ಪರದೆ ಬೆಳಕು ತಡೆಯುತ್ತದೆ, ಶಾಖ ಆಗಲೇ ಗಾಜು ದಾಟಿರುತ್ತದೆ. ಪರದೆ ಗಾಜಿನ ಹೊರಗಿರಬೇಕು. ಇಳಿಜಾರು ಕಿಟಕಿ ಮಾಡುವವರೇ ಅಂಥ ಹೊರಬಲೆ ಮಾರುತ್ತಾರೆ, ಒಳಗಿನಿಂದಲೇ ಕೈಚಾಚಿ ಸಿಕ್ಕಿಸಬಹುದು. ಬೇಸಿಗೆಗೆ ನಿಮ್ಮ ಮೊದಲ ಖರ್ಚು ಇದೇ ಆಗಲಿ.

ಹೊರಗಿನ ಗಾಳಿ ಒಳಗಿಗಿಂತ ಬಿಸಿಯಿರುವ ಹೊತ್ತು ಕಿಟಕಿ ಮುಚ್ಚಿ. ಸಂಜೆ ಹೊರಗೆ ತಣ್ಣಗಾದ ಮೇಲೆ ಕೆಳಗಿನ ಉತ್ತರದ ಕಿಟಕಿಯೊಂದನ್ನೂ ಮೇಲಿನ ಇಳಿಜಾರು ಕಿಟಕಿಯನ್ನೂ ಒಟ್ಟಿಗೆ ತೆರೆದು, ಮೆಟ್ಟಿಲ ಬಾಗಿಲು ತೆಗೆದಿಡಿ; ಬಿಸಿಗಾಳಿ ತಾನಾಗಿ ಮೇಲಿಂದ ಹೋಗುತ್ತದೆ. ಮಲಗುವಾಗ ಬಾಗಿಲು ಮುಚ್ಚಿ, ಕಿಟಕಿ ತೆರೆದಿರಲಿ. ಸೀಲಿಂಗ್ ಫ್ಯಾನ್ ಆಸೆ ಬೇಡ: ರೆಕ್ಕೆ ನೆಲದಿಂದ 2.3 ಮೀಟರ್ ಮೇಲಿರಬೇಕು, ಲಾಫ್ಟಿನ ಸೀಲಿಂಗೇ ಅಷ್ಟು ಇರುವುದು ಅಪರೂಪ. ಸ್ಟ್ಯಾಂಡ್ ಫ್ಯಾನ್ ಸಾಕು.

ಅಪ್ಪ-ಅಮ್ಮನಿಗೆ ಕೆಳಗಿನ ಕೋಣೆಯನ್ನೇ ಕೊಡಿ. ನಿಯಮದೊಳಗೇ ಇರುವ ಲಾಫ್ಟ್ ಮೆಟ್ಟಿಲಿನಲ್ಲೂ ಪಾದ ಊರಲು 220 ಮಿ.ಮೀ. ಮಾತ್ರ ಸಿಗಬಹುದು, ಏರು 42 ಡಿಗ್ರಿ. ರಾತ್ರಿ ಬಚ್ಚಲಿಗೆಂದು ಇಳಿಯುವ ಎಪ್ಪತ್ತರ ಮೊಣಕಾಲಿಗೆ ಅದು ಸಲ್ಲದು. ಹಗಲು ಮೊಮ್ಮಗನ ಜೊತೆ ಹತ್ತುತ್ತಾರಲ್ಲ, ಅದಕ್ಕೆ ಎರಡೂ ಬದಿ 900ರಿಂದ 1000 ಮಿ.ಮೀ. ಎತ್ತರದಲ್ಲಿ ಹಿಡಿಕಂಬಿ, ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ. ಮಗನ ಮಂಚದ ತಲೆಭಾಗ ಇಳಿಜಾರಿನ ಅಡಿಯಲ್ಲಿದ್ದರೆ, ಅಲ್ಲಿ ಸೀಲಿಂಗ್ ನೆಲದಿಂದ ಒಂದೂವರೆ ಮೀಟರ್ ಇದೆಯೇ ನೋಡಿ. ಇಲ್ಲದಿದ್ದರೆ ಬೆಳಿಗ್ಗೆ ಏಳುವಾಗಲೆಲ್ಲ ಹಣೆ ತಾಗುತ್ತದೆ. ಬೀರುವನ್ನು ಗಿಡ್ಡ ಗೋಡೆಗೆ ಒತ್ತರಿಸದೆ 50 ಮಿ.ಮೀ. ಈಚೆ ಇಡಿ.

ಇಷ್ಟಾದ ಮೇಲೂ ಎಸಿ ಬೇಕೆನಿಸಿದರೆ ಒಂದೇ ಕೊಳವೆಯದನ್ನು ತರಬೇಡಿ. ಅದು ಕೋಣೆಯ ಗಾಳಿಯನ್ನೇ ಗಂಟೆಗೆ ನೂರಾರು ಘನ ಮೀಟರ್ ಹೊರಗೆ ಊದುತ್ತದೆ. ಆ ಜಾಗ ತುಂಬಲು ಬಿಸಿಲಿಗೆ ಕಾದ ಸೂರಿನ ಗಾಳಿ ಪ್ರತಿ ಬಿರುಕಿನಿಂದಲೂ ಒಳಬರುತ್ತದೆ. ಎರಡು ಕೊಳವೆಯದು ಹೊರಗಿನ ಗಾಳಿಯನ್ನೇ ಎಳೆದು ಹೊರಗೇ ಬಿಡುತ್ತದೆ. ಇಳಿಜಾರು ಕಿಟಕಿಯ ಸಂದಿಗೆ ಜಿಪ್ ಇರುವ ಬಟ್ಟೆಯ ಮುಚ್ಚಿಗೆ ಬೇಕಾಗುತ್ತದೆ, ಮತ್ತು ಅದು ಮಗ ಹೊರಬರಬೇಕಾದ ಕಿಟಕಿಯೇ ಆಗಿದ್ದರೆ ರಾತ್ರಿ ಮಲಗುವ ಮೊದಲು ಕೊಳವೆ ತೆಗೆದುಬಿಡಿ.